ಬ್ರಹ್ಮ ಕೋಳಿಯ ಮೊಟ್ಟೆಗಳು ಫಲಗೊಳ್ಳುತ್ತಿಲ್ಲ: ದೋಷ ಹುಂಜದ್ದೋ, ಇನ್‌ಕ್ಯುಬೇಟರಿನದ್ದೋ?

ಪ್ರಶ್ನೆ

ನನ್ನಲ್ಲಿ ಎರಡು ವರ್ಷದ ಒಂದು ಲೈಟ್ ಬ್ರಹ್ಮ (ಬ್ರಹ್ಮ ತಳಿಯ ಒಂದು ಬಣ್ಣದ ಬಗೆ) ಹುಂಜ ಮತ್ತು ಆರು ಹೇಂಟೆಗಳಿವೆ. ಕಳೆದ ಪ್ರದರ್ಶನದಲ್ಲಿ ಈ ಹುಂಜಕ್ಕೆ ತನ್ನ ವರ್ಗದಲ್ಲಿ ಮೊದಲ ಬಹುಮಾನ ಬಂದಿದ್ದು, ಅದರ ಗುಣಗಳು ಮರಿಗಳಲ್ಲಿ ಉಳಿಯಲಿ ಎಂಬುದು ನನ್ನ ಆಸೆ. ಮೊದಲ ಸಲ 24 ಮೊಟ್ಟೆಗಳನ್ನು ಕಾವಿಗಿಟ್ಟು ಏಳನೆಯ ದಿನ ಬೆಳಕು ಹಿಡಿದು ನೋಡಿದಾಗ 19 ಮೊಟ್ಟೆಗಳಲ್ಲಿ ಏನೂ ಕಾಣಲಿಲ್ಲ. ರಕ್ತನಾಳಗಳು ಕಂಡ ಐದರಲ್ಲಿ ನಾಲ್ಕು ಮರಿಯಾದವು. ಎರಡನೆಯ ಸಲ 24ರಲ್ಲಿ 20 ಖಾಲಿ. ಇನ್‌ಕ್ಯುಬೇಟರಿನ ಉಷ್ಣತೆ 37.5 ಡಿಗ್ರಿಯಲ್ಲೇ ನಿಂತಿರುತ್ತದೆ, ಮೊಟ್ಟೆಗಳನ್ನು ಆರು ದಿನಕ್ಕಿಂತ ಹೆಚ್ಚು ಕೂಡಿಡುವುದಿಲ್ಲ, ಹುಂಜವು ಹೇಂಟೆಗಳನ್ನು ಮೆಟ್ಟುವುದನ್ನು ದಿನವೂ ಕಣ್ಣಾರೆ ನೋಡುತ್ತಿದ್ದೇನೆ. ಹಾಗಿದ್ದರೂ ಹೀಗೇಕೆ? ಇನ್‌ಕ್ಯುಬೇಟರ್ ಬದಲಿಸಬೇಕೇ? ಮುಂದಿನ ಪ್ರದರ್ಶನಕ್ಕೆ ಇನ್ನು ನಾಲ್ಕು ತಿಂಗಳಿದೆ.

ಮೊದಲ ಉತ್ತರ

ಇನ್‌ಕ್ಯುಬೇಟರಿಗೆ ಹಣ ಹಾಕುವ ಮೊದಲು ನಿಮ್ಮದೇ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಬೆಳೆಯಲು ಆರಂಭಿಸಿದ ಐದು ಮೊಟ್ಟೆಗಳಲ್ಲಿ ನಾಲ್ಕು ಮರಿಯಾಗಿವೆ ಎಂದರೆ ಕಾವಿನಲ್ಲಿ ದೊಡ್ಡ ದೋಷವಿಲ್ಲ. ಉಷ್ಣತೆ ತಪ್ಪಿದ್ದರೆ ಬೆಳೆಯತೊಡಗಿದ ಭ್ರೂಣ ಸತ್ತಾಗ ಕಾಣುವ ರಕ್ತದ ಉಂಗುರವಿರುವ ಮೊಟ್ಟೆಗಳೋ, ಹದಿನೆಂಟನೆಯ ದಿನದ ನಂತರ ಒಳಗೇ ಸತ್ತ ಮರಿಗಳೋ ಹೆಚ್ಚಾಗಿ ಸಿಗುತ್ತಿದ್ದವು. ಆದರೆ ತೀರ ಮೊದಲ ದಿನಗಳಲ್ಲೇ ಸತ್ತ ಭ್ರೂಣವೂ ಬೆಳಕಿಗೆ ಹಿಡಿದಾಗ ಖಾಲಿ ಮೊಟ್ಟೆಯಂತೆಯೇ ಕಾಣಬಹುದಾದ್ದರಿಂದ, ಕಾವಿಗಿಡದ ಐದಾರು ತಾಜಾ ಮೊಟ್ಟೆಗಳನ್ನು ತಟ್ಟೆಗೆ ಒಡೆದು ನೋಡಿ. ಹಳದಿಯ ಮೇಲೆ ಒಂದು ಬಿಳಿ ಚುಕ್ಕೆ ಇರುತ್ತದೆ. ಅದು ಚಿಕ್ಕದಾಗಿ, ಗಟ್ಟಿಯಾಗಿ, ಅಂಚು ಒಡೆದಂತೆ ಇದ್ದರೆ ಮೊಟ್ಟೆ ಫಲಗೊಂಡಿಲ್ಲ. ಸುಮಾರು 4 ಮಿಲಿಮೀಟರ್ ಅಗಲದ ದುಂಡನೆಯ ಉಂಗುರದಂತೆ, ನಡುವೆ ತಿಳಿಯಾಗಿದ್ದರೆ ಫಲಗೊಂಡಿದೆ.

ಜೊತೆಗೆ ಹುಂಜವನ್ನು ಕೈಗೆತ್ತಿಕೊಂಡು ತೂಕ, ಎದೆಮೂಳೆಯ ಮೇಲಿನ ಕೊಬ್ಬು, ಪಾದದ ಅಡಿ, ಗುದದ್ವಾರದ ಸುತ್ತಲಿನ ಪುಕ್ಕ, ಈ ನಾಲ್ಕನ್ನೂ ಪರೀಕ್ಷಿಸಿ ತಿಳಿಸಿ. ಮೆಟ್ಟಿದ ಮೇಲೆ ಹೇಂಟೆ ಎದ್ದು ಮೈಯ ಗರಿಗಳನ್ನೆಲ್ಲ ಕೊಡವಿಕೊಳ್ಳುತ್ತದೆಯೇ ಎಂಬುದನ್ನೂ ಗಮನಿಸಿ. ಕೂಡುವಿಕೆ ಪೂರ್ಣವಾದಾಗ ಅದು ಸಾಮಾನ್ಯವಾಗಿ ಹಾಗೆ ಮಾಡುತ್ತದೆ.

ಪ್ರಶ್ನೆ ಕೇಳಿದವರು

ಆರು ಮೊಟ್ಟೆ ಒಡೆದೆ. ಐದರಲ್ಲಿ ಗಟ್ಟಿ ಚುಕ್ಕೆ, ಒಂದರಲ್ಲಿ ಮಾತ್ರ ಉಂಗುರ. ಹುಂಜದ ತೂಕ 6.1 ಕಿಲೋ, ಎದೆಮೂಳೆ ಬೆರಳಿಗೆ ಸಿಗುವುದೇ ಕಷ್ಟ. ಎಡ ಪಾದದ ಅಡಿಯಲ್ಲಿ ಕಡಲೆಕಾಳಿನಷ್ಟು ಕಪ್ಪು ಹಕ್ಕಳೆಯಿದೆ, ಒತ್ತಿದರೆ ಕಾಲು ಎಳೆದುಕೊಳ್ಳುತ್ತದೆ. ಬಾಲದ ಕೆಳಗಿನ ಪುಕ್ಕ ಎಷ್ಟು ದಟ್ಟವಾಗಿದೆಯೆಂದರೆ ಎರಡೂ ಕೈಗಳಿಂದ ಬಿಡಿಸಿದ ಮೇಲಷ್ಟೇ ಗುದದ್ವಾರ ಕಂಡಿತು. ಆರು ಹೇಂಟೆಗಳದ್ದೂ ಅದೇ ಸ್ಥಿತಿ. ಗರಿ ಕೊಡವುವುದನ್ನು ಎರಡು ದಿನದಲ್ಲಿ ಒಮ್ಮೆ ಮಾತ್ರ ನೋಡಿದೆ. ಆದರೆ ತೀರ್ಪುಗಾರರು ಮೆಚ್ಚಿದ್ದು ಆ ತುಂಬಿದ ಪುಕ್ಕವನ್ನೇ ಅಲ್ಲವೇ?

ಮೊದಲ ಉತ್ತರ ನೀಡಿದವರು

ಹೌದು, ನಿಮ್ಮ ತೊಡಕು ಇರುವುದೂ ಅಲ್ಲಿಯೇ. ಬ್ರಹ್ಮ, ಕೊಚಿನ್, ಆರ್ಪಿಂಗ್ಟನ್‌ನಂಥ ಮೆತ್ತನೆ ಪುಕ್ಕದ ಭಾರೀ ತಳಿಗಳಲ್ಲಿ ಬಹುಮಾನ ತರುವ ಮೈಕಟ್ಟು ಒಂದು, ಮರಿ ಮಾಡಿಸುವ ಮೈಕಟ್ಟು ಇನ್ನೊಂದು. ಒಂದೇ ಹಕ್ಕಿ ಒಂದೇ ಕಾಲದಲ್ಲಿ ಎರಡನ್ನೂ ಚೆನ್ನಾಗಿ ಮಾಡುವುದು ಅಪರೂಪ. ಹುಂಜ ಬೆನ್ನೇರುತ್ತಿದೆ, ಆದರೆ ಎರಡೂ ಕಡೆಯ ಪುಕ್ಕ ಅಡ್ಡ ನಿಂತು ಗುದದ್ವಾರಗಳು ಒಂದಕ್ಕೊಂದು ತಾಗುತ್ತಿಲ್ಲ. ಅಮೆರಿಕದ ಮಾನದಂಡದಲ್ಲಿ ಬೆಳೆದ ಲೈಟ್ ಬ್ರಹ್ಮ ಹುಂಜಕ್ಕೆ 12 ಪೌಂಡ್, ಅಂದರೆ ಸುಮಾರು 5.4 ಕಿಲೋ ತೂಕವಿದೆ. ಎಲುಬು ದೊಡ್ಡದಿದ್ದು ತೂಕ ಹೆಚ್ಚಿದ್ದರೆ ನಾನು ಚಿಂತಿಸುತ್ತಿರಲಿಲ್ಲ, ಆದರೆ ಎದೆಮೂಳೆ ಕೈಗೆ ಸಿಗದಿರುವುದು ಕೊಬ್ಬಿನ ಗುರುತು.

ಮೊದಲು ಹೇಂಟೆಗಳನ್ನು ಹಿಡಿಯಿರಿ. ಪ್ರದರ್ಶನಕ್ಕೆ ಹೋಗದವುಗಳ ಗುದದ್ವಾರದ ಸುತ್ತ ಮೂರು ಬೆರಳಗಲ ಪುಕ್ಕವನ್ನು ಮೊಂಡು ಮೂತಿಯ ಕತ್ತರಿಯಿಂದ ಚರ್ಮಕ್ಕೆ ತಾಗದಂತೆ ಕತ್ತರಿಸಿ. ಹುಂಜಕ್ಕೆ ಗುದದ್ವಾರದ ಕೆಳಗೂ ಪಕ್ಕಗಳಲ್ಲೂ ಎರಡು ಬೆರಳಗಲ ಸಾಕು. ಕತ್ತರಿಸಿದ ಪುಕ್ಕ ಗರಿ ಉದುರುವ ಕಾಲದವರೆಗೆ ಮತ್ತೆ ಬರುವುದಿಲ್ಲ, ಕಿತ್ತರೆ ಕೆಲವು ವಾರಗಳಲ್ಲಿ ಹೊಸದು ಹುಟ್ಟುತ್ತದೆ ಎಂಬುದು ನಿಜ. ಆ ಕಾರಣಕ್ಕೆ ಕೀಳುವವರೂ ಇದ್ದಾರೆ. ಹಕ್ಕಿಗೆ ನೋವಾಗುವ ಆ ದಾರಿಯನ್ನು ನಾನು ಯಾರಿಗೂ ಹೇಳಲಾರೆ. ಈ ಹುಂಜವನ್ನೇ ಮತ್ತೆ ಪ್ರದರ್ಶನಕ್ಕೆ ಒಯ್ಯಲೇಬೇಕೆಂದಿದ್ದರೆ ಈಗ ಹೇಂಟೆಗಳದ್ದನ್ನಷ್ಟೇ ಕತ್ತರಿಸಿ ನೋಡಬಹುದು, ಎಷ್ಟೋ ಬಾರಿ ಅಷ್ಟರಿಂದಲೇ ಅರ್ಧ ಕೆಲಸವಾಗುತ್ತದೆ.

ತೂಕವನ್ನು ನಿಧಾನವಾಗಿ ಇಳಿಸಿ. ಒಮ್ಮೆಲೇ ಆಹಾರ ಕಡಿದರೆ ವೀರ್ಯವೇ ಕುಗ್ಗುತ್ತದೆ. ಮೊಟ್ಟೆ ಕೋಳಿಯ ಆಹಾರದಲ್ಲಿರುವ ಶೇಕಡಾ 3.5ರಿಂದ 4ರಷ್ಟು ಕ್ಯಾಲ್ಸಿಯಂ ಹುಂಜಕ್ಕೆ ಬೇಕಾಗಿಲ್ಲ; ಎಲ್ಲರಿಗೂ ಕಡಿಮೆ ಕ್ಯಾಲ್ಸಿಯಂನ, ಶೇಕಡಾ 16ರಷ್ಟು ಪ್ರೋಟೀನ್ ಇರುವ ಆಹಾರ ಕೊಟ್ಟು, ಹೇಂಟೆಗಳಿಗಾಗಿ ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ. ಪಾದದ ಹಕ್ಕಳೆಯ ವಿಷಯದಲ್ಲಿ ತಡಮಾಡಬೇಡಿ. ಭಾರದ ಹಕ್ಕಿ ಎತ್ತರದಿಂದ ಧುಮುಕಿದಾಗ ಅಡಿಪಾದ ಜಜ್ಜಿ, ಅಲ್ಲಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಕೀವುಗಟ್ಟುತ್ತದೆ. ಕೂರುವ ಅಡ್ಡಹಲಗೆಯನ್ನು ನೆಲದಿಂದ 30 ಸೆಂಟಿಮೀಟರಿಗೆ ಇಳಿಸಿ, ಕೆಳಗೆ ದಪ್ಪ ಹಾಸು ಹಾಕಿ, ಪಾದವನ್ನು ಪಶುವೈದ್ಯರಿಗೆ ತೋರಿಸಿ. ಕಾಲು ನೋಯುವ ಹುಂಜ ಹೇಂಟೆಯ ಬೆನ್ನಿನ ಮೇಲೆ ಸಮತೋಲ ಹಿಡಿಯಲಾರದು.

ಎರಡನೆಯ ಉತ್ತರ

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ: ಹುಂಜದ ದೇಹದಲ್ಲಿ ವೀರ್ಯಾಣು ತಯಾರಾಗಲು ಸುಮಾರು ಎರಡು ವಾರ ಹಿಡಿಯುತ್ತದೆ, ಆದ್ದರಿಂದ ಈ ವಾರ ಮಾಡಿದ ಬದಲಾವಣೆಯನ್ನು ಮುಂದಿನ ವಾರದ ಮೊಟ್ಟೆಯಿಂದ ಅಳೆಯಬೇಡಿ. ಮರಿಹುಂಜವೊಂದನ್ನು ಬದಲಿಗೆ ಬಿಡುವುದಾದರೂ ಅಷ್ಟೇ. ಹೇಂಟೆಯ ಒಡಲಲ್ಲಿ ಹಳೆಯ ಹುಂಜದ ವೀರ್ಯ ಎರಡು ವಾರಕ್ಕೂ ಹೆಚ್ಚು ಉಳಿಯಬಹುದಾದ್ದರಿಂದ, ತಂದೆ ಯಾರೆಂಬುದು ಖಚಿತವಾಗಿ ಬೇಕಿದ್ದರೆ ಮೂರು ವಾರ ಕಾದು ಮೊಟ್ಟೆ ಕೂಡಿಡಿ. ಹಗಲು 14 ಗಂಟೆಗಿಂತ ಕಡಿಮೆಯಿರುವ ಕಾಲವಾಗಿದ್ದರೆ ಬೆಳಗಿನ ಜಾವ ದೀಪ ಹಚ್ಚುವುದೂ ಉಪಯುಕ್ತ.

ವಯಂಡಾಟ್ ತಳಿಯ ಕೋಳಿ ಸಾಕುವವರು ಇದನ್ನು ಓದುತ್ತಿದ್ದರೆ ಅವರಿಗೆ ಇನ್ನೊಂದು ಮಾತು. ಅವುಗಳ ರೋಸ್ ಜುಟ್ಟಿನ (ತಲೆಗಂಟಿದ ಅಗಲ ಜುಟ್ಟು) ಜೀನ್ ತಂದೆತಾಯಿ ಇಬ್ಬರಿಂದಲೂ ಬಂದ ಹುಂಜಗಳಲ್ಲಿ ಫಲವತ್ತತೆ ಹುಟ್ಟಿನಿಂದಲೇ ಕಡಿಮೆ. ಅಲ್ಲಿ ಕತ್ತರಿಯಿಂದ ಆಗುವ ಲಾಭ ಅಲ್ಪ. ಬ್ರಹ್ಮದ್ದು ಬಟಾಣಿ ಜುಟ್ಟು, ಆ ತೊಂದರೆ ನಿಮಗಿಲ್ಲ.

ಪ್ರಶ್ನೆ ಕೇಳಿದವರು, ಏಳು ವಾರಗಳ ನಂತರ

ಹೇಂಟೆಗಳ ಪುಕ್ಕವನ್ನು ಅದೇ ದಿನ ಕತ್ತರಿಸಿದೆ. ಹುಂಜದ್ದಕ್ಕೆ ಒಂದು ವಾರ ಮನಸ್ಸು ಒಪ್ಪಲಿಲ್ಲ, ಆಮೇಲೆ ಅದನ್ನು ಈ ಸಲದ ಪ್ರದರ್ಶನದಿಂದ ಬಿಡುವುದೆಂದು ತೀರ್ಮಾನಿಸಿ ಕತ್ತರಿಸಿದೆ. ಪಶುವೈದ್ಯರು ಪಾದದ ಗಂಟನ್ನು ತೆಗೆದು ಕಟ್ಟು ಹಾಕಿದರು. ಹತ್ತು ದಿನ ಹುಂಜವನ್ನು ಬೇರೆಯಾಗಿ ಹುಲ್ಲಿನ ಹಾಸಿನ ಮೇಲೆ ಇಟ್ಟಿದ್ದೆ. ತೂಕ ಈಗ 5.6 ಕಿಲೋ, ಎದೆಮೂಳೆಯ ಅಂಚು ಬೆರಳಿಗೆ ತಿಳಿಯುತ್ತದೆ. ನಿನ್ನೆ ಏಳನೆಯ ದಿನದ ಬೆಳಕು ಹಿಡಿದೆ: 24ರಲ್ಲಿ 18 ಮೊಟ್ಟೆಗಳಲ್ಲಿ ಜೇಡರಬಲೆಯಂತೆ ನಾಳಗಳು ಹರಡಿವೆ. ಉಳಿದ ಆರರ ಪೈಕಿ ನಾಲ್ಕು ಒಂದೇ ಹೇಂಟೆಯವು. ಅದು ಹುಂಜ ಬಂದ ಕೂಡಲೇ ಅಡ್ಡಹಲಗೆಯ ಕೆಳಗೆ ನುಸುಳಿಕೊಳ್ಳುತ್ತದೆ, ಬೆನ್ನಿನ ಮೇಲೆ ಹುಂಜದ ಕಾಲಿನ ಮುಳ್ಳು ಗೀರಿದ ಗಾಯವಿದೆ. ಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ, ಗಾಯ ಮಾಯುವವರೆಗೆ ಆ ಹೇಂಟೆಯನ್ನು ಬೇರೆ ಗೂಡಿನಲ್ಲಿ ಇಟ್ಟಿದ್ದೇನೆ.