ಆಲ್ಪ್ಸ್‌ನಲ್ಲಿ ಹಳೇ ಸ್ಕೀ ಶ್ಯಾಲೆ ಕೊಳ್ಳೋದು: ಕೊಂಡವರು ಸ್ವಲ್ಪ ಹೇಳಿ

ಪ್ರಶ್ನೆ: ಫ್ರಾನ್ಸ್ ಕಡೆಯ ಆಲ್ಪ್ಸ್‌ನಲ್ಲಿ 1970ರ ದಶಕದ ಒಂದು ಮರದ ಶ್ಯಾಲೆ (ಅಲ್ಲಿನ ಬೆಟ್ಟದ ಮನೆ) ನೋಡಿದ್ದೇವೆ. ಸ್ಕೀಯಿಂಗ್‌ಗೆ ಮಾತ್ರ ಅಲ್ಲ, ವರ್ಷವಿಡೀ ಹೋಗಿಬರೋ ಬೆಟ್ಟದ ಮನೆ ಆಗಲಿ ಅಂತ ಆಸೆ. ಜೂನ್‌ನಲ್ಲಿ ನೋಡಿದಾಗ ತುಂಬಾ ಹಿಡಿಸ್ತು. ಸ್ವಿಟ್ಜರ್ಲೆಂಡಿನಲ್ಲೂ ಹುಡುಕ್ತಾ ಇದ್ದೇವೆ. ಸಹಿ ಹಾಕೋ ಮೊದಲು ಏನೇನು ನೋಡ್ಕೋಬೇಕು?

ಉತ್ತರ: ಜೂನ್‌ನಲ್ಲಿ ಯಾವ ಬೆಟ್ಟದ ಮನೆ ತಾನೇ ಹಿಡಿಸಲ್ಲ! ಜನವರಿಯಲ್ಲಿ ಇನ್ನೊಂದ್ಸಲ ಹೋಗಿ, ಅದೂ ಹಿಮ ಬಿದ್ದು ಎರಡು ಮೂರು ದಿನ ಆದ ಮೇಲೆ. ಒಳಗೆ ಕಾಲಿಡೋ ಮುಂಚೆ ರಸ್ತೆಯಲ್ಲೇ ನಿಂತು ಚಾವಣಿ ನೋಡಿ. ಅಕ್ಕಪಕ್ಕದ ಮನೆಗಳ ಮೇಲೆ ಹಿಮ ಒಂದೇ ಸಮ ಕೂತಿದ್ದು, ಇದರ ಮೇಲೆ ಮಾತ್ರ ಅಲ್ಲಲ್ಲಿ ಕರಗಿ ತಗಡು ಕಾಣ್ತಿದ್ರೆ, ಒಳಗಿನ ಬಿಸಿ ಅಲ್ಲಿಂದ ಸೋರ್ತಿದೆ ಅಂತ ಲೆಕ್ಕ. ಕರಗಿದ ನೀರು ಸೂರಿನ ಅಂಚಿಗಿಳಿದು ಮತ್ತೆ ಹೆಪ್ಪುಗಟ್ಟುತ್ತೆ, ಹಿಂದಿಂದ ಬರೋ ನೀರಿಗೆ ಆ ಗಡ್ಡೆಯೇ ಅಡ್ಡಗಟ್ಟೆ. ನಿಂತ ನೀರು ಹೊದಿಕೆಯ ಸಂದಿಯಲ್ಲಿ ಒಳಗಿಳಿಯುತ್ತೆ. ಸೂರಿಂದ ಜೋತುಬಿದ್ದ ಉದ್ದುದ್ದ ಮಂಜಿನ ಕಡ್ಡಿಗಳು ಫೋಟೋಗೆ ಚೆಂದ, ಅಷ್ಟೇ.

ಭಾರದ ವಿಷಯವೂ ಇದೆ. ಕೂತು ಗಟ್ಟಿಯಾದ ಹಿಮ ಒಂದು ಮೀಟರ್ ಇದ್ರೆ ಚದರ ಮೀಟರಿಗೆ 200–300 ಕಿಲೋ. ಅಟ್ಟದಲ್ಲಿ ಹೆಚ್ಚುವರಿ ಕೋಣೆ ಮಾಡೋಕೆ ಯಾರಾದ್ರೂ ತೊಲೆ ಕತ್ತರಿಸಿದ್ದಾರಾ ಅಂತ ಎಂಜಿನಿಯರ್ ಕೈಲಿ ನೋಡಿಸಿ. ಇನ್ನು ಹಿಮ ತಿಂಗಳುಗಟ್ಟಲೆ ಒರಗಿ ಕೂರೋ ಗೋಡೆಯ ಬುಡ, ಬಾಲ್ಕನಿ ತೊಲೆ ಗೋಡೆಗೆ ಸೇರೋ ಸಂದು, ಇವೆರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಗಟ್ಟಿ ಮರ ತಡೆಯುತ್ತೆ, ಕೊಳೆತದ್ದು ಬೆಣ್ಣೆ ಹಾಗೆ ಬಿಟ್ಕೊಡುತ್ತೆ. ಹೊಸ ಬಣ್ಣ ಎಲ್ಲಿ ಬಳಿದಿದ್ದಾರೋ ಅಲ್ಲೇ ಮೊದಲು ಒತ್ತಿ.

ಉತ್ತರ: ಕಾಗದಪತ್ರದ ಬಗ್ಗೆ ನಾನು ಹೇಳ್ತೀನಿ. ಫ್ರಾನ್ಸ್‌ನಲ್ಲಿ ಮಾರೋರು ತಪಾಸಣಾ ವರದಿಗಳನ್ನು ಕೊಡಲೇಬೇಕು. ನೋಟರಿ (ಅಲ್ಲಿ ಮಾರಾಟಪತ್ರ ಮಾಡಿಸೋ ಅಧಿಕಾರಿ) ಮುಂದೆ ಕೂರೋ ತನಕ ಕಾಯದೆ, ಬೆಲೆ ಮಾತಾಡೋಕೆ ಮೊದಲೇ ತರಿಸ್ಕೊಳ್ಳಿ. ಆರೋಗ್ಯಕ್ಕೆ ಕೆಟ್ಟದ್ದಾದ ಕಲ್ನಾರು (ಆಸ್ಬೆಸ್ಟಸ್) ಅಲ್ಲಿ ನಿಷೇಧ ಆಗಿದ್ದು 1997ರಲ್ಲಿ, ಹಾಗಾಗಿ ನಿಮ್ಮ 70ರ ದಶಕದ ಮನೆಯಲ್ಲಿ ಆ ವರದಿ ಮುಖ್ಯ. ವಿದ್ಯುತ್, ಇಂಧನ ಬಳಕೆಗೆ ‘ಎ’ಯಿಂದ ‘ಜಿ’ವರೆಗೆ ದರ್ಜೆ ಕೊಟ್ಟಿರ್ತಾರೆ, ‘ಜಿ’ ಅಂದ್ರೆ ಎಲ್ಲಕ್ಕಿಂತ ಕಳಪೆ. ಯಾರಿಗಾದ್ರೂ ವಾಸಕ್ಕೆ ಬಾಡಿಗೆ ಕೊಡೋ ಯೋಚನೆ ಇದ್ರೆ, 2025ರಿಂದ ‘ಜಿ’ ಮನೆಗೆ ಹೊಸ ಕರಾರು ಮಾಡೋ ಹಾಗಿಲ್ಲ. 2028ಕ್ಕೆ ‘ಎಫ್’ ಸರದಿ. ತೆರಿಗೆ, ನೋಟರಿ ಖರ್ಚು ಅಂತ ಬೆಲೆಯ ಮೇಲೆ ಇನ್ನೂ ಶೇ 7–8 ಎತ್ತಿಡಿ.

ಹಿಮಕುಸಿತದ ನಕ್ಷೆ ನೋಡಿ, ಆದ್ರೆ ಅದೊಂದನ್ನೇ ನಂಬ್ಕೊಂಡು ಕೂರಬೇಡಿ. 1999ರ ಫೆಬ್ರವರಿಯಲ್ಲಿ ಶಾಮೊನಿ ಹತ್ತಿರದ ಮೊಂಟ್ರಾಕ್‌ನಲ್ಲಿ ಹಿಮಕುಸಿತಕ್ಕೆ 14 ಶ್ಯಾಲೆಗಳು ನೆಲಸಮ ಆಗಿ 12 ಜನ ಸತ್ರು. ಅವುಗಳಲ್ಲಿ ಹಲವು ನಕ್ಷೆಯ ಪ್ರಕಾರ ಅಪಾಯವಿಲ್ಲದ ಜಾಗದಲ್ಲೇ ಇದ್ದವು. ಹಿಂದೆ ಹಿಮ ಎಲ್ಲೀವರೆಗೆ ಬಂದಿತ್ತು ಅಂತ ಊರಿನ ಹಳಬರನ್ನು ಕೇಳಿ.

ಉತ್ತರ: ಸ್ವಿಸ್ ಕಡೆ ಹಳೇ ಮನೆಗೇ ಬೇಡಿಕೆ, ಕಾರಣ ಕಾನೂನು. 2012ರ ಮಾರ್ಚ್ 11ರ ಜನಮತದಿಂದಾಗಿ, ಎರಡನೇ ಮನೆಗಳು ಶೇ 20 ಮೀರಿದ ಊರಲ್ಲಿ ಹೊಸ ರಜಾಮನೆ ಕಟ್ಟೋದು ಹೆಚ್ಚುಕಡಿಮೆ ನಿಂತೇಹೋಯ್ತು. ಅದಕ್ಕೂ ಮೊದಲಿದ್ದ ಮನೆಗಳನ್ನು ರಜಾಮನೆಯಾಗಿ ಬಳಸಬಹುದು. ಆಮೇಲೆ ಕಟ್ಟಿದ್ದಾದ್ರೆ, ‘ಮುಖ್ಯ ವಾಸಕ್ಕೆ ಮಾತ್ರ’ ಅನ್ನೋ ಷರತ್ತು ಭೂದಾಖಲೆಯಲ್ಲಿ ಇದೆಯಾ ನೋಡಿ. ಅಲ್ಲಿ ವಾಸವಿಲ್ಲದ ವಿದೇಶಿಯರಿಗೆ ಲೆಕ್ಸ್ ಕೋಲರ್ (ವಿದೇಶಿಯರು ಆಸ್ತಿ ಕೊಳ್ಳೋದಕ್ಕೆ ಮಿತಿ ಹಾಕೋ) ಕಾನೂನಿನ ಅನುಮತಿಯೂ ಬೇಕು, ಅದು ಎಲ್ಲಾ ಊರಲ್ಲೂ ಸಿಗಲ್ಲ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಾವಿಲ್ಲದ ವಾರಗಳಲ್ಲಿ ಹೀಟಿಂಗ್ ಪೂರ್ತಿ ಆರಿಸಬಹುದಾ?

ಉತ್ತರ: ಪೈಪಲ್ಲಿ ನೀರು ಉಳಿಯದಿದ್ರೆ ಆರಿಸಿ, ಉಳಿದ್ರೆ ಹೆಪ್ಪುಗಟ್ಟಿ ಪೈಪ್ ಒಡೆಯಬಹುದು. ಮುಖ್ಯ ವಾಲ್ವ್ ಮುಚ್ಚಿ, ಎಲ್ಲಕ್ಕಿಂತ ಕೆಳಗಿನ ನಲ್ಲಿ ಬಿಟ್ಟು ಎಲ್ಲಾ ಬಸೀಬೇಕು. ಬಿಸಿನೀರಿನ ಟ್ಯಾಂಕ್, ಫ್ಲಶ್ ಖಾಲಿ ಮಾಡಿ, ಸಿಂಕ್ ಕೆಳಗಿನ ಬಾಗಿದ ಪೈಪಿಗೆ ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದ ದ್ರವ) ಸುರೀಬೇಕು. ಬೇಡಪ್ಪ ಅಂದ್ರೆ ಹೀಟರನ್ನು 8 ಡಿಗ್ರಿಗೆ ಬಿಟ್ಟು ಹೋಗಿ, ಆದ್ರೆ ಕರೆಂಟ್ ಹೋಗಬಹುದು, ವಾಲ್ವ್ ಆಗಲೂ ಮುಚ್ಚಿರಲಿ. ಆ ಬಸಿಯೋ ನಲ್ಲಿ ಎಲ್ಲಿದೆ ಅಂತ ಮಾರೋರನ್ನೇ ಕೇಳಿ. ತಡಕಾಡಿದ್ರೆ ಮನೆ ಹೇಗೆ ನೋಡ್ಕೊಂಡಿದ್ದಾರೆ ಅಂತ ಗೊತ್ತಾಗುತ್ತೆ.

ಮನೆವರೆಗಿನ ರಸ್ತೆ ಖಾಸಗಿಯಾ, ಹಿಮ ಯಾರು ತೆಗೀತಾರೆ, ತೆಗೆದದ್ದನ್ನು ಎಲ್ಲಿ ರಾಶಿ ಹಾಕ್ತಾರೆ ಅಂತಲೂ ವಿಚಾರಿಸಿ. ನಿಮ್ಮ ಪಾರ್ಕಿಂಗ್ ಜಾಗದಲ್ಲೇ ಹಾಕೋದಾದ್ರೆ ಬೆಲೆ ಇಳಿಸೋಕೆ ಅದೂ ಒಂದು ಕಾರಣ.