ಹಳೆಯ ರೆಡ್ ಆಕ್ಸೈಡ್ ನೆಲದ ಮೇಲೆ ಮರದ ಹಲಗೆ: ಉಬ್ಬುತಗ್ಗು ಸರಿಪಡಿಸುವುದು ಹೇಗೆ?

ಪ್ರಶ್ನೆ

ಮೈಸೂರಿನ ನಮ್ಮ ಹಳೆಯ ಮನೆಯ ನೆಲಮಹಡಿಯಲ್ಲಿ 12 ಅಡಿ ಉದ್ದ, 10 ಅಡಿ ಅಗಲದ ಒಂದು ಕೋಣೆಗೆ, ಒಂದಕ್ಕೊಂದು ಸಿಕ್ಕಿಸುವ ಎಂಜಿನಿಯರ್ಡ್ (ಪದರಗಳನ್ನು ಅಂಟಿಸಿ ಮಾಡಿದ) ಮರದ ಹಲಗೆ ಹಾಸಬೇಕೆಂದಿದ್ದೇವೆ. ಈಗಿರುವುದು ರೆಡ್ ಆಕ್ಸೈಡ್ ನೆಲ. ಆರು ಅಡಿಯ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿದರೆ ನಡುಭಾಗದಲ್ಲಿ 9 ಮಿ.ಮೀ. ತಗ್ಗು, ಬಾಗಿಲ ಬಳಿ ಸಣ್ಣ ಉಬ್ಬು ಕಾಣುತ್ತದೆ. ಸಿಮೆಂಟ್ ಹಾಲು ಎಳೆದರೆ ಸಾಕೆಂದು ಮೇಸ್ತ್ರಿಯವರೂ, ಹಲಗೆಯಡಿ ಹಾಸುವ ಫೋಮ್ ಎರಡು ಪದರ ಹಾಕಿದರೆ ಸಾಕೆಂದು ಹಲಗೆ ಮಾರುವವರೂ ಹೇಳುತ್ತಾರೆ. ಯಾವುದು ಸರಿ?

ಉತ್ತರ 1

ಎರಡೂ ಸರಿಯಲ್ಲ. ಫೋಮ್ ದಪ್ಪವಾದಷ್ಟೂ ಹಲಗೆ ಕಾಲಡಿಯಲ್ಲಿ ಕುಸಿದು ಏಳುತ್ತದೆ, ಕೆಲವು ತಿಂಗಳಲ್ಲಿ ಸಿಕ್ಕಿಸಿದ ಅಂಚುಗಳು ಮುರಿಯುತ್ತವೆ. ತೆಳುವಾದ ಸಿಮೆಂಟ್ ಹಾಲು ನುಣುಪಾದ ಆಕ್ಸೈಡ್ ಮೇಲೆ ಹಿಡಿಯದೆ ಹಕ್ಕಳೆಯಾಗಿ ಏಳುತ್ತದೆ. ಆರು ಅಡಿಗೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಉಳಿಯಬಾರದು. ಮೊದಲು ಉಬ್ಬನ್ನು ಗ್ರೈಂಡರ್‌ನಿಂದ ತೆಗೆಯಿರಿ (ಮುಖಕ್ಕೆ ಮಾಸ್ಕ್ ಇರಲಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು), ಮೇಣ ಮತ್ತು ಹೊಳಪು ಹೋಗುವಂತೆ ಇಡೀ ನೆಲವನ್ನು ಒರಟು ಮಾಡಿ, ಪ್ರೈಮರ್ ಬಳಿದು ಸೆಲ್ಫ್ ಲೆವೆಲಿಂಗ್ ಕಾಂಪೌಂಡ್ (ನೀರಿನಲ್ಲಿ ಕಲಸಿ ಸುರಿದರೆ ತಾನೇ ಹರಡಿ ಸಮನಾಗುವ ಸಿಮೆಂಟ್ ಮಿಶ್ರಣ) ಸುರಿಯಿರಿ. ಸುಲಭವಾಗಿ ಹರಿಯಲೆಂದು ಚೀಲದ ಮೇಲೆ ಬರೆದುದಕ್ಕಿಂತ ಹೆಚ್ಚು ನೀರು ಬೆರೆಸಿದರೆ ಮೇಲ್ಮೈ ಪುಡಿಯಾಗುತ್ತದೆ.

ಉತ್ತರ 2

ಸುರಿಯುವ ಮೊದಲು ಒಂದು ಮಾತು ಕೇಳಬೇಕಿತ್ತು: ಕೋಣೆಯ ನೆಲ ಇಳಿಜಾರಾಗಿದೆಯೇ? ಹಳೆಯ ಮನೆಗಳಲ್ಲಿ ತೊಳೆದ ನೀರು ಹರಿದುಹೋಗಲೆಂದು ಹಾಗೆ ಮಾಡುತ್ತಿದ್ದರು. ಟ್ಯೂಬ್ ಲೆವೆಲ್ (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ನೋಡಿ.

ಪ್ರಶ್ನೆ ಕೇಳಿದವರು

ನೋಡಿದೆವು. ಬಾಗಿಲಿಗಿಂತ ಕಿಟಕಿಯ ಕಡೆ 20 ಮಿ.ಮೀ. ಕೆಳಗಿದೆ.

ಉತ್ತರ 2

ಹಾಗಾದರೆ ಸುರಿಯುವ ಕಾಂಪೌಂಡ್ ನಿಮ್ಮ ತಗ್ಗನ್ನು ಬಿಟ್ಟು ಕಿಟಕಿಯ ಕಡೆಗೇ ಓಡುತ್ತದೆ. ಒಂದು ಚದರ ಮೀಟರಿಗೆ, ಒಂದು ಮಿ.ಮೀ. ದಪ್ಪಕ್ಕೆ ಸುಮಾರು 1.7 ಕೆ.ಜಿ. ಬೇಕು, ಇಳಿಜಾರು ತುಂಬುವುದಕ್ಕೇ 190 ಕೆ.ಜಿ.ಯಷ್ಟು, ಅಂದರೆ 20 ಕೆ.ಜಿ.ಯ ಹತ್ತು ಚೀಲ ಹೋಗುತ್ತದೆ. ಮರದ ಹಲಗೆಗೆ ಬೇಕಾದದ್ದು ಸಪಾಟಾದ ನೆಲ, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವ ನೆಲವೇ ಆಗಬೇಕೆಂದಿಲ್ಲ. ಇಳಿಜಾರನ್ನು ಇದ್ದಂತೆಯೇ ಬಿಟ್ಟು, ಕರಣೆಯಿಂದ ಹಚ್ಚುವ ಗಟ್ಟಿ ಪ್ಯಾಚಿಂಗ್ ಕಾಂಪೌಂಡನ್ನು ತಗ್ಗಿಗೆ ಮಾತ್ರ ತುಂಬಿ, ಅದೇ ಅಲ್ಯೂಮಿನಿಯಂ ಪಟ್ಟಿಯನ್ನು ಇಳಿಜಾರಿನ ಗುಂಟ ಎಳೆದು ಸಮ ಮಾಡಿ. ಬಾಗಿಲಿನ ಅಡಿಯನ್ನು ಹೆಚ್ಚು ಕತ್ತರಿಸುವ ಕೆಲಸವೂ ತಪ್ಪುತ್ತದೆ.

ಉತ್ತರ 3

ನೆಲಮಹಡಿಯಾದ್ದರಿಂದ ತೇವವನ್ನೂ ಪರೀಕ್ಷಿಸಿ. ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ.

ಪ್ರಶ್ನೆ ಕೇಳಿದವರು

ಕಿಟಕಿಯ ಮೂಲೆಯಲ್ಲಿ ಅಂಟಿಸಿದ ಹಾಳೆಯ ಒಳಗೆ ಹನಿ ಕಟ್ಟಿದೆ, ನಡುವಿನದು ಒಣಗಿದೆ.

ಉತ್ತರ 3

ಆ ಗೋಡೆಯ ಹೊರಗೆ ಮಳೆನೀರು ನಿಲ್ಲುತ್ತಿದೆಯೇ, ಕೊಳವೆ ಸೋರುತ್ತಿದೆಯೇ ನೋಡಿ ಮೊದಲು ಅದನ್ನು ಸರಿಪಡಿಸಿ. ಆ ಮೂಲೆಯಲ್ಲಿ ಮತ್ತೆ ಹಾಳೆ ಅಂಟಿಸಿ, ಅದು ಒಣಗಿಯೇ ಉಳಿಯುವವರೆಗೆ ಹಲಗೆಯ ಪೆಟ್ಟಿಗೆ ತರಿಸಬೇಡಿ.