ಮಳೆಗಾಲಕ್ಕೆ ಮುಂಚೆ ಅಮ್ಮನ ಉಬ್ಬಸಕ್ಕೆ ಏನ್ ಮಾಡೋದು ಡಾಕ್ಟ್ರೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ಭಾಗಮಂಡಲದ ಹತ್ರ ನಮ್ಮ ಮನೆ. ಅಮ್ಮನಿಗೆ 58 ವರ್ಷ, ಉಬ್ಬಸ ಇದೆ, ಕಕ್ಕಡ ತಿಂಗಳು (ನಮ್ಮ ಕೊಡಗಲ್ಲಿ ಜೋರು ಮಳೆ ತಿಂಗಳು) ಬಂತಂದ್ರೆ ಆಸ್ಪತ್ರೆಗೆ ಸೇರಿಸೋದೇ ಆಗುತ್ತೆ. ಬೇಸಿಗೇಲಿ ಆರಾಮಾಗಿದ್ರು ಅಂತ ದಿನಾ ತಗೊಳ್ಳೋ ಪಂಪ್ (ಇನ್ಹೇಲರ್) ಬಿಟ್ಬಿಟ್ರು, ಈಗ ಬರೀ ನೀಲಿ ಪಂಪ್, ಅದೂ ದಿನಕ್ಕೆ ನಾಲ್ಕೈದು ಸಲ. ಪಂಪ್ ಅಭ್ಯಾಸ ಆಗ್ಬಿಡುತ್ತೆ ಅಂತ ಅತ್ತೆ ಬೇರೆ ಹೆದರಿಸಿದ್ದಾರೆ. ಮಳೆ ಶುರುವಾಗೋಕೆ ಇನ್ನು ಮೂರು ವಾರ ಅಷ್ಟೇ.

ಉತ್ತರ: ನಮಸ್ತೆ. ನೀಲಿ ಪಂಪ್ ದಿನಕ್ಕೆ ನಾಲ್ಕೈದು ಸಲ ಬೇಕಾಗ್ತಿದೆ ಅಂದ್ರೆ ಉಬ್ಬಸ ಹಿಡಿತ ತಪ್ಪಿದೆ ಅಂತ ಅರ್ಥ, ಮಳೆಗೆ ಕಾಯ್ಬೇಡಿ, ಈ ವಾರಾನೇ ಅಮ್ಮನ್ನ ತೋರಿಸಿ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಕಾದ್ರೇನೇ ನಾವು ಔಷಧಿ ಮತ್ತೆ ನೋಡ್ತೀವಿ. ನೀಲಿದು ಬಿಗಿದ ಶ್ವಾಸನಾಳನ ನಾಲ್ಕೈದು ಗಂಟೆ ಸಡಿಲ ಮಾಡುತ್ತೆ ಅಷ್ಟೇ, ಒಳಗಿನ ಊತ ಹಾಗೇ ಇರುತ್ತೆ. ಊತ ಇಳಿಸೋದು ದಿನಾ ತಗೊಳ್ಳೋ ಪಂಪ್, ಅದು ಪೂರ್ತಿ ಕೆಲಸ ಮಾಡೋಕೆ ಕೆಲವು ವಾರ ಬೇಕು, ಅದಕ್ಕೇ ಈಗ್ಲೇ ಅಂದಿದ್ದು. ಚಟ ಆಗೋ ಔಷಧಿ ಅಲ್ಲ ಅದು, ಡೋಸ್ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಶ್ವಾಸಕೋಶಕ್ಕೆ ಹೋಗುತ್ತೆ. ತಗೊಂಡ್ಮೇಲೆ ಬಾಯಿ ಮುಕ್ಕಳಿಸಿ ಉಗಿಬೇಕು, ಇಲ್ದಿದ್ರೆ ನಾಲಿಗೆ ಮೇಲೆ ಬಿಳಿ ಫಂಗಸ್ ಆಗ್ಬಹುದು.

ಇನ್ನೊಂದು, ಅಮ್ಮ ಪಂಪ್ ಒತ್ತುವಾಗ ಪಕ್ಕದಲ್ಲಿ ನಿಂತು ನೋಡಿ. ತುಟಿ ಸಂದಿಂದ ಹೊಗೆ ತರ ಆಚೆ ಬಂದ್ರೆ ಔಷಧಿ ಒಳಗೆ ಹೋಗಿಲ್ಲ. ಸ್ಪೇಸರ್ ತಗೊಳ್ಳಿ, ಅದು ಪಂಪಿಗೆ ಸಿಕ್ಕಿಸೋ ಪ್ಲಾಸ್ಟಿಕ್ ಕೊಳವೆ, ಔಷಧಿ ಅದರೊಳಗೆ ನಿಂತು ಉಸಿರಿನ ಜೊತೆ ಒಳಗೆ ಹೋಗುತ್ತೆ.

ಪ್ರಶ್ನೆ: ಹೌದು ಡಾಕ್ಟ್ರೇ, ಹೊಗೆ ಆಚೆ ಬರುತ್ತೆ, ಇಷ್ಟು ದಿನ ಗೊತ್ತೇ ಇರ್ಲಿಲ್ಲ! ಮಳೇಲಿ ಬಟ್ಟೆನೆಲ್ಲಾ ಅಡುಗೆಮನೆ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ತೀವಿ, ಅದರಿಂದ ತೊಂದ್ರೆ ಇದ್ಯಾ? ಕಕ್ಕಡ ತಿಂಗಳ 18ನೇ ದಿನ ಮಾಡೋ ಮದ್ದುಸೊಪ್ಪಿನ ಪಾಯಸ ಕೊಡ್ಬಹುದಾ?

ಉತ್ತರ: ಒಲೆ ಹೊಗೆ ಒಂದು ಕಡೆ, ಒದ್ದೆ ಬಟ್ಟೆ ತೇವ ಇನ್ನೊಂದು ಕಡೆ, ಎರಡೂ ಉಬ್ಬಸಕ್ಕೆ ಶತ್ರು. ಅಮ್ಮ ಮಲಗೋ ರೂಮಲ್ಲಂತೂ ಬಟ್ಟೆ ಹರಡಲೇಬೇಡಿ, ಒಲೆ ಉರಿಸೋ ಕೆಲಸ ಬೇರೆಯವ್ರು ನೋಡ್ಕೊಳ್ಳಿ. ಬೀರು ಸರಿಸಿ ಹಿಂದಿನ ಗೋಡೆ ನೋಡಿ, ನಮ್ಮ ಕಡೆ ಮನೆಗಳಲ್ಲಿ ಬೂಷ್ಟು ಕೂರೋದೇ ಅಲ್ಲಿ, ಅದನ್ನ ಒರೆಸುವಾಗ ಅಮ್ಮ ಹತ್ರ ಇರ್ಬಾರ್ದು. ಟ್ರಂಕಲ್ಲಿರೋ ಕಂಬಳಿ, ದಿಂಬು ಎಲ್ಲಾ ಬಿಸಿಲು ಇರುವಾಗ್ಲೇ ಒಣಗಿಸಿ, ದಿಂಬಿನ ಕವರ್, ಹೊದಿಕೆ ವಾರಕ್ಕೊಂದ್ಸಲ ಬಿಸಿನೀರಲ್ಲಿ ಒಗೀರಿ. ಮದ್ದುಸೊಪ್ಪಿನ ಪಾಯಸ ಹಬ್ಬದ ಊಟ, ಖುಷಿಯಾಗಿ ತಿನ್ಲಿ, ಪಂಪ್ ಮಾತ್ರ ತಪ್ಪಿಸ್ಬಾರ್ದು.

ಪ್ರಶ್ನೆ: ರಾತ್ರಿ ಜಾಸ್ತಿಯಾಗಿ, ಕರೆಂಟೂ ಹೋಗಿ, ಮರ ಬಿದ್ದು ರಸ್ತೆ ಬಂದ್ ಆದ್ರೆ? ಅದೇ ಭಯ.

ಉತ್ತರ: ಆ ಭಯ ನಂಗೂ ಇದೆ. ಔಷಧಿನ ಮಂಜಿನ ತರ ಮಾಡಿ ಕೊಡೋ ನೆಬ್ಯುಲೈಸರ್‌ಗೆ ಕರೆಂಟ್ ಬೇಕು, ಸ್ಪೇಸರ್‌ಗೆ ಬೇಡ, ಸರಿಯಾಗಿ ತಗೊಂಡ್ರೆ ಎಷ್ಟೋ ಸಲ ನೆಬ್ಯುಲೈಸರಿನಷ್ಟೇ ಕೆಲಸ ಮಾಡುತ್ತೆ. ನೇರ ಕೂರಿಸಿ, ನೀಲಿ ಪಂಪ್ ಒಂದ್ಸಲ ಒತ್ತಿ ಸ್ಪೇಸರಲ್ಲಿ ನಾಲ್ಕೈದು ಉಸಿರು, ಆಮೇಲೆ ಇನ್ನೊಂದು, ಹೀಗೆ ಹತ್ತು ಸಲ ಒತ್ತೋವರೆಗೆ. ಕಮ್ಮಿ ಆಗ್ಲಿಲ್ಲ ಅಂದ್ರೆ, ಇಲ್ಲಾ ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗ್ದೆ ತುಟಿ ನೀಲಿಯಾಗ್ತಿದ್ರೆ, ಪಂಪ್ ಕೊಡ್ತಾನೇ 108ಕ್ಕೆ ಫೋನ್ ಮಾಡಿ. ಎರಡೂ ಪಂಪ್ ಒಂದೊಂದು ಹೆಚ್ಚಿಗೆ ಮನೇಲಿಡಿ. ಜೋರು ಮಳೆ ಮುನ್ಸೂಚನೆ ಇದ್ದು ಅಮ್ಮನಿಗೆ ಆಗ್ಲೇ ಕೆಮ್ಮು ಶುರುವಾಗಿದ್ರೆ ರಸ್ತೆ ಚೆನ್ನಾಗಿರುವಾಗ್ಲೇ ಮಡಿಕೇರಿ ಕಡೆ ನೆಂಟರ ಮನೆಗೆ ಕರ್ಕೊಂಡ್ಬಂದು ಬಿಡಿ.